ಹುಣಸೆಹಣ್ಣು ಹಚ್ಚಿದ ತಂತಿ

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಹಗಲು ವೈರಿಂಗ್ ಕೆಲಸ, ಸಂಜೆ ಕಾಲೇಜು. ಎಲೆಕ್ಟ್ರಿಕಲ್ ಇಂಜಿನಿಯರ್ ಆಗಲು ಏಳು ವರ್ಷ ಹಿಡಿಯಿತು. ಹಾಗಾಗಿ ಮೂಡಲಪಾಳ್ಯದ ನಮ್ಮ ಮನೆಯ ತಾರಸಿಗೆ ಸೋಲಾರ್ ಪ್ಯಾನೆಲ್ ಕೂರಿಸುವಾಗ ಬೇರೆ ಯಾರನ್ನೂ ಕರೆಯಲಿಲ್ಲ. ಪ್ಯಾನೆಲ್‌ನ ಅಲ್ಯೂಮಿನಿಯಂ ಚೌಕಟ್ಟಿಗೆ ಹೊದಿಕೆಯಿಲ್ಲದ ತಾಮ್ರದ ತಂತಿ ತಾಗಿಸಿ, ಕೈಗೆ ಸಿಕ್ಕ ಕಬ್ಬಿಣದ ಬೋಲ್ಟ್ ಬಿಗಿದು, ಸೋರಿದ ಕರೆಂಟು ನೆಲಕ್ಕಿಳಿಯುವ ಅರ್ಥಿಂಗ್ ಮುಗಿಯಿತು ಎಂದುಕೊಂಡೆ.

ಎರಡನೇ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಬಟ್ಟೆ ಒಣಹಾಕಲು ಹೋಗಿದ್ದ ಅಮ್ಮ ಅಂಗೈ ಉಜ್ಜಿಕೊಳ್ಳುತ್ತಾ ಇಳಿದು ಬಂದಳು.

"ಆ ಪ್ಯಾನೆಲ್ ಮುಟ್ಟಿದ್ರೆ ಜುಮ್ ಅಂತು ಕಣೋ."

"ಚಾನ್ಸೇ ಇಲ್ಲಮ್ಮ. ಅರ್ಥಿಂಗ್ ನಾನೇ ಮಾಡಿರೋದು."

"ಓದಿರೋನು ನೀನು, ಸರಿಯಾಗೇ ಇರತ್ತೆ ಬಿಡು. ನನ್ ಕೈಗೆ ಡಿಗ್ರಿ ಇಲ್ವಲ್ಲ, ಅದಕ್ಕೇ ಜುಮ್ ಅಂತೇನೋ."

ಸ್ವಿಚ್ ಆರಿಸಿ ಮೇಲೆ ಹೋದೆ. ತಂತಿ ದೇವರ ತಂಬಿಗೆಯಂತೆ ಥಳಥಳಿಸುತ್ತಿತ್ತು. ಅದು ತಾಗಿದ್ದ ಜಾಗದಲ್ಲಿ ಮಾತ್ರ ಚೌಕಟ್ಟು ಬಿಳಿ ಪುಡಿಯಾಗಿ ಉದುರುತ್ತಿತ್ತು. ತುಕ್ಕು ತಿಂದ ಬೋಲ್ಟ್ ಬೆರಳಲ್ಲೇ ತಿರುಗಿತು. ಮೀಟರ್ ಹಿಡಿದರೆ ಅರ್ಥಿಂಗ್ ಇರಲೇ ಇಲ್ಲ.

"ತಂತಿ ಯಾರಮ್ಮ ತೊಳೆದಿದ್ದು?"

"ನಾನೇ. ಕಪ್ಪಗಾಗಿತ್ತು. ಸೋಮವಾರ ಪೂಜೆ ಸಾಮಾನು ತಿಕ್ಕಿ ಮಿಕ್ಕಿದ ಹುಣಸೆಹಣ್ಣು, ಉಪ್ಪು ಅದಕ್ಕೂ ಹಚ್ತಿದ್ದೆ. ಯಾಕೋ, ನನ್ನಿಂದ ಕೆಟ್ಟೋಯ್ತಾ?"

ಹೌದು ಎನ್ನಲು ಬಾಯಿ ತೆರೆದಿದ್ದೆ. ಅರ್ಧ ನಿಜವೂ ಆಗಿತ್ತು. ಉಪ್ಪು ಬಿದ್ದರೆ ಲೋಹ ಬೇಗ ಸವೆಯುತ್ತದೆ. ಆದರೆ ತಾಮ್ರ ನೇರವಾಗಿ ತಾಗಿ ನೆನೆಯುತ್ತಿದ್ದರೆ ಅಲ್ಯೂಮಿನಿಯಂ ಹೇಗೂ ಕರಗುತ್ತದೆ, ಮಳೆಯೊಂದೇ ಸಾಕು. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾದವನು ನಾನು. ಗೊತ್ತಿದ್ದೂ, ಸರಿಯಾದ ಸಾಮಾನು ತರಲು ಇನ್ನೊಮ್ಮೆ ಅಂಗಡಿಗೆ ಹೋಗಲು ಬೇಜಾರಾಗಿ ಬಿಟ್ಟಿದ್ದೆ. ಅಮ್ಮ ಬೇರೆಯವರ ಮನೆ ಪಾತ್ರೆ ತಿಕ್ಕಿ ನನ್ನನ್ನು ಓದಿಸಿದವಳು. ಆ ಮನೆಗಳಲ್ಲಿ ಯಾರೇ ಲೋಟ ಒಡೆದರೂ ತಪ್ಪು ಅವಳ ತಲೆಗೇ ಬರುತ್ತಿತ್ತು.

"ಇಲ್ಲಮ್ಮ. ನಾನು ಹಾಕಿದ್ದೇ ತಪ್ಪು."

ಮಧ್ಯಾಹ್ನವೇ ಪಕ್ಕದ ವಿಜಯನಗರದ ಅಂಗಡಿಗೆ ಹೋಗಿ ಹೊಸ ತಂತಿ, ತಾಮ್ರ ಅಲ್ಯೂಮಿನಿಯಂಗೆ ನೇರ ತಾಗದಂತೆ ಅದರ ತುದಿಗೆ ಹಾಕುವ ತವರ ಲೇಪಿಸಿದ ಬಿಲ್ಲೆ (ಲಗ್), ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು, ವಾಷರುಗಳನ್ನು ತಂದೆ. ಚೌಕಟ್ಟಿನಲ್ಲಿ ಅರ್ಥಿಂಗ್‌ಗೆಂದೇ ಬಿಟ್ಟಿದ್ದ ಇನ್ನೊಂದು ತೂತಿಗೆ ಬಿಗಿದೆ. ಮೀಟರ್ ಸರಿ ತೋರಿಸಿದ ಮೇಲೆ ಸ್ವಿಚ್ ಹಾಕಿ ಮೊದಲು ನನ್ನ ಕೈ ಇಟ್ಟೆ. ಆಮೇಲೆ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ಒಂದೇ ಬೆರಳಲ್ಲಿ ಮುಟ್ಟಿದಳು.

"ಸುಮ್ನಿದೆ. ಈ ತಂತಿನಾದ್ರೂ ತಿಕ್ಕಬಹುದಾ?"

"ಬೇಡಮ್ಮ, ಕಪ್ಪಗಾದ್ರೆ ಆಗ್ಲಿ."

"ನೋಡ್ದೋರು ಏನಂತಾರೋ? ಇಂಜಿನಿಯರ್ ಮನೇಲಿ ತಂತಿ ಕಪ್ಪಗಿದೆ ಅನ್ನಲ್ವಾ?"