ತೊಡೆಯ ಮೇಲೆ ಅರ್ಧ ಸಮುದ್ರ

ಹೋದ ಶನಿವಾರ ಅರ್ಧ ಸಮುದ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋದೆ.

ನಗಬೇಡಿ ಮೊಮ್ಮಕ್ಕಳೇ. ಥರ್ಮಾಕೋಲ್ ಸಮುದ್ರ. ಅದರ ನೀಲಿ ಬಣ್ಣ ನನ್ನ ಸೀರೆಗೂ ಹತ್ತಿತ್ತು. (ನಿಜವಾದ ಸಮುದ್ರವನ್ನು ನಾನು ಈವರೆಗೆ ಕಂಡಿಲ್ಲ. ಮಾರಿಕಣಿವೆ ಡ್ಯಾಮು ಕೋಡಿ ಬಿದ್ದದ್ದು ಕಂಡಿದ್ದೇನೆ. ಅಷ್ಟಕ್ಕೇ ಎದೆ ಡವಡವ ಅಂದಿತ್ತು.)

ಕಂಡಕ್ಟರ್ ಬಂದ. "ಅಜ್ಜಿ, ನಿಮಗೆ ಫ್ರೀ ಐತೆ. ಇದಕ್ಕೆ ಲಗೇಜ್ ಹಾಕ್ಲಾ?"

ಪಕ್ಕದಲ್ಲಿದ್ದ ಮಗಳ ಮಗಳು ಸಿಂಚನ ಎಂಟನೇ ಕ್ಲಾಸು. ಬಾಯಿ ಮಾತ್ರ ಡಿಗ್ರಿ. "ಅಂಕಲ್, ಇದ್ರಾಗೆ ಇರೋದು ಹೆಣ್ಣಾಮೆ. ಅದಕ್ಕೂ ಫ್ರೀನೇ."

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದೆ.

ವಿಷಯ ಇಷ್ಟೇ. ಚಿತ್ರದುರ್ಗದಲ್ಲಿ ಮಕ್ಕಳ ವಿಜ್ಞಾನ ಮೇಳ. ಎರಡು ತಾಲೂಕಿನ ಮಕ್ಕಳು ಸೇರಿ ಒಂದು ಮಾಡೆಲ್ ಮಾಡಬೇಕೆಂದು ರೂಲು. ಹಿರಿಯೂರಿನಿಂದ ಸಿಂಚನ, ಹೊಳಲ್ಕೆರೆಯಿಂದ ನನ್ನ ಮಗನ ಮಗ ಮನೋಜ. ಇವರು ಆರಿಸಿಕೊಂಡದ್ದು ಎರಡು ದೇಶಗಳ ನಡುವಿನ ಸಮುದ್ರ. ಯಾರೂ ಬಲೆ ಬೀಸಬಾರದ ರಕ್ಷಿತ ಜಾಗ ಎರಡೂ ಕಡೆ, ಆ ಜಾಗಗಳನ್ನು ಸೇರಿಸುವ ಆಮೆ ದಾರಿ, ಜೊತೆಗೆ ನೀರಿನಲ್ಲೇ ನೆಟ್ಟ, ಕರೆಂಟು ತೆಗೆಯುವ ಗಾಳಿ ಫ್ಯಾನುಗಳು. ಮೊದಲ ಬಹುಮಾನ ಬಂದರೆ ಮಂಗಳೂರಿನ ಮೇಳಕ್ಕೆ ಹೋಗಬಹುದು. "ಅಜ್ಜಿ, ನಿನ್ನೂ ಕರ್ಕಂಡು ಹೋಗ್ತೀವಿ, ಸಮುದ್ರ ತೋರುಸ್ತೀವಿ" ಎಂದು ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿ ಮಾತು ಕೊಟ್ಟಿದ್ದರು.

ಬೇರೆ ಬೇರೆಯಾಗಿ ಏಕೆ? ಯುಗಾದಿಯಲ್ಲಿ ಕೊನೆಯ ಹೋಳಿಗೆಯನ್ನು ಮನೋಜ ತಿಂದಿದ್ದ. ಅಂದಿನಿಂದ ಮಾತಿಲ್ಲ. "ನಿನ್ನ ಅರ್ಧ ನೀನು, ನನ್ನ ಅರ್ಧ ನಾನು" ಎಂದು ವಾಟ್ಸಾಪಿನಲ್ಲೇ ಸಮುದ್ರ ಹಂಚಿಕೆಯಾಗಿತ್ತು.

ಮೇಳದ ಮೇಜಿನ ಮೇಲೆ ಎರಡೂ ಹಾಳೆ ಜೋಡಿಸಿದೆವು. ಅಂಚಿಗೆ ಅಂಚು ಸರಿಯಾಗಿ ಕೂತಿತು. ಸಮುದ್ರ ಮಾತ್ರ ಕೂರಲಿಲ್ಲ! ಸಿಂಚನಳ ಆಮೆ ಬಿಳಿ ದಾರಿ ಹಿಡಿದು ಗಡಿಯವರೆಗೆ ಬಂದಿದೆ. ಗಡಿ ದಾಟಿದರೆ ಎದುರಿಗೇ ಮನೋಜನ ಹನ್ನೊಂದು ಫ್ಯಾನು, ಊದುಬತ್ತಿ ಕಡ್ಡಿಯ ಮೇಲೆ ಗರಗರ. ಅವನ ರಕ್ಷಿತ ಜಾಗ ಎಲ್ಲೋ ಆ ಮೂಲೆಯಲ್ಲಿ.

"ಲೇ, ನನ್ನ ಆಮೆ ಎಲ್ಲಿಗೆ ಹೋಗ್ಬೇಕಲೇ?"

"ವಾಪಸ್ ಹೋಗ್ಲಿ. ನನ್ನ ದೇಶಕ್ಕೆ ಬಾ ಅಂತ ಕರದೋರ್ಯಾರು?"

"ಮೊಟ್ಟೆ ಇಡೋದು ನನ್ನ ಕಡೆ, ಮೇವು ನಿನ್ನ ಕಡೆ. ಬರದೆ ಏನ್ ಮಾಡ್ತದೆ?"

ತೀರ್ಪುಗಾರರು ಎರಡು ಮೇಜಿನಾಚೆ ಇದ್ದರು. ಇಬ್ಬರ ಕಣ್ಣಲ್ಲೂ ನೀರು. ನನಗೆ ಮಂಗಳೂರು ದೂರವಾಗುತ್ತಿರುವುದು ಕಾಣಿಸಿತು.

ಮೇವು ಅಂದದ್ದೇ ನನಗೆ ನಮ್ಮ ಕುರಿಗಳ ನೆನಪಾಯಿತು. ಮಳೆಗಾಲ ನಮ್ಮೂರ ಕಡೆ ಮೇವು, ಬೇಸಿಗೆ ಪಕ್ಕದೂರ ಕಡೆ. ಬಿತ್ತನೆಗೆ ಮುಂಚೆಯೇ ಎರಡೂ ಊರಿನ ಹಿರಿಯರು ಗಡಿಕಲ್ಲಿನ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಂಡು ಮಾತಾಡಿಕೊಳ್ಳುತ್ತಿದ್ದರು. ಕುರಿ ಹಾಯುವ ದಾರಿ ಮೊದಲು, ರಾಗಿ ಆಮೇಲೆ. ನಮ್ಮ ಗುಡ್ಡಕ್ಕೆ ಫ್ಯಾನು ನೆಡಲು ಬಂದಾಗ ನಿಮ್ಮ ತಾತ ಇಂಜಿನಿಯರಿಗೆ ಹೇಳಿದ್ದೂ ಇದನ್ನೇ. "ನಿಮ್ಮ ಫ್ಯಾನು ನಿಂತಲ್ಲೇ ನಿಂತಿರ್ತದೆ ಸ್ವಾಮಿ. ನಮ್ಮ ಕುರಿ ನಡೀಬೇಕು. ನಡಿಯೋರಿಗೆ ಮೊದ್ಲು ಜಾಗ ಬಿಡ್ರಿ." ಇಂಜಿನಿಯರು ನಕ್ಕರು. ಆದರೂ ಫ್ಯಾನಿನ ಜಾಗಕ್ಕೆ ಗುರುತು ಹಾಕಿದ್ದ ಎರಡು ಗೂಟ ಕಿತ್ತು ಆಚೆ ನೆಡಿಸಿದರು. ಈಗ ಮಧ್ಯಾಹ್ನ ಹೋಗಿ ನೋಡಿ. ಕಂಬದ ನೆರಳಿನಲ್ಲಿ ಕುರಿಗಳು ಸಾಲಾಗಿ ಮಲಗಿರುತ್ತವೆ. ನೆರಳು ಸರಿದಂತೆ ಸಾಲೂ ಸರಿಯುತ್ತದೆ!

ಇಷ್ಟನ್ನೂ ಮಕ್ಕಳ ಕಿವಿಯಲ್ಲಿ ಪಿಸುಗುಟ್ಟಿದೆ. ಮನೋಜ ಮೂಗು ಒರೆಸಿಕೊಂಡು ನಾಲ್ಕು ಕಡ್ಡಿ ಕಿತ್ತ. ಸಿಂಚನ ಬಿಳಿ ಬಣ್ಣ ಹಚ್ಚಿ ದಾರಿಯನ್ನು ಅವನ ಮೂಲೆಯವರೆಗೆ ಮುಟ್ಟಿಸಿದಳು. ಕಿತ್ತ ಫ್ಯಾನುಗಳನ್ನು ಇಬ್ಬರೂ ಸೇರಿ ದಾರಿಯ ಆಚೀಚೆ ನೆಟ್ಟರು. ಆಮೆ ಹಾದುಹೋಯಿತು.

ತೀರ್ಪುಗಾರರು ಬಗ್ಗಿ ನೋಡಿದರು. "ದಾರಿ ಚೆನ್ನಾಗೈತೆ. ಮಧ್ಯ ಇವೇನು ನಾಲ್ಕು ತೂತು?"

ಮನೋಜ ತೂತಿನ ಮೇಲೆ ಅಂಗೈ ಇಟ್ಟ. ಗಂಡಸರ ಎದುರು ನನಗೆ ಬಾಯಿ ಬರುವುದಿಲ್ಲ. ಅದು ಹೇಗೆ ಬಂತೋ! "ಪಕ್ಕದೋರನ್ನ ಕೇಳ್ದೆ ನೆಟ್ಟಿದ್ವಿ ಸಾರ್. ಕೇಳಿದ್ಮೇಲೆ ಕಿತ್ವಿ."

ಅವರು ನಕ್ಕರು, ಬೆನ್ನು ತಟ್ಟಿದರು, ಎರಡನೇ ಬಹುಮಾನ ಕೊಟ್ಟರು. (ಮೊದಲನೆಯದು ಹೊಸದುರ್ಗ, ಭೀಮಸಮುದ್ರದ ಮಕ್ಕಳ ಅಡಿಕೆ ಸುಲಿಯುವ ಯಂತ್ರಕ್ಕೆ. ಅದರಲ್ಲಿ ತೂತಿರಲಿಲ್ಲ.)

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಒಂದೇ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತಾ ಜಗಳವಾಡುತ್ತಿದ್ದರು. "ತೂತು ನಿಂದು." "ಆಮೆ ನಿಂದು."

ಕೇಳದೆ ನೆಟ್ಟ ನಾಲ್ಕು ಊದುಬತ್ತಿ ಕಡ್ಡಿಗೆ ನಮಗೆ ಮಂಗಳೂರು ತಪ್ಪಿತು. ನಿಜವಾದ ಸಮುದ್ರದಲ್ಲಿ ಕೇಳದೆ ನೆಟ್ಟರೆ ಆಮೆಗೆ ಏನೇನು ತಪ್ಪುತ್ತದೋ?