ಜೀವಾಣುಗಳಿಗೆ ಸೋಮವಾರದ ಸೂಟಿ

ಮೂಡಲಗಿ ಹತ್ತಿರದ ನಮ್ಮ ಹೊಲದ ತಗ್ಗಿನ ಮೂಲೆ ಸವಳು ಹಿಡಿದಿತ್ತು. ಬಿಸಿಲೇರಿದರೆ ನೆಲದ ಮೇಲೆ ಉಪ್ಪು ಬೆಳ್ಳಗೆ ಹೊಳೆಯುತ್ತಿತ್ತು. ಬೆಳೆ ಉಪ್ಪನ್ನೂ ನೀರಡಿಕೆಯನ್ನೂ ತಾಳುವಂತೆ ಬೇರಿಗೆ ಬಲ ಕೊಡುವ ಜೀವಾಣುಗಳ ಪುಡಿಯ ಪಾಕೀಟನ್ನು ಗೋಕಾಕದಿಂದ ತಂದಿದ್ದೆ. ಬೆಲ್ಲದ ನೀರಿನಲ್ಲಿ ಕಲಸಿ, ಗೋವಿನಜೋಳದ ಬೀಜಕ್ಕೆ ಹಚ್ಚಿ ಬಿತ್ತಿದರಾಯಿತು.

ಕಾಕಾ ಪಾಕೀಟು ಮುಟ್ಟಲೇ ಇಲ್ಲ. “ಇವತ್ತ ಸೋಮವಾರ,” ಎಂದ.

ಸೋಮವಾರ ಬಸವಣ್ಣನ ವಾರ, ಎತ್ತುಗಳಿಗೆ ಸೂಟಿ, ಹೆಗಲಿಗೆ ನೊಗ ಇಡುವುದಿಲ್ಲ. ಅದು ಸರಿ. ಆದರೆ ಈ ಜೀವಾಣುಗಳಿಗೆ?

“ಕಾಕಾ, ಇವೇನ್ ಎತ್ತಲ್ಲ. ಕಣ್ಣಿಗೂ ಕಾಣಂಗಿಲ್ಲ.”

“ಜೀವ ಐತೋ ಇಲ್ಲೋ?”

“ಐತಿ.”

“ನಮ್ಮ ಹೊಲದಾಗ ದುಡಿಯಾಕ ಬಂದಾವೋ ಇಲ್ಲೋ?”

“ಬಂದಾವ.”

“ಮತ್ತ? ಕಣ್ಣಿಗೆ ಕಾಣಲಿಲ್ಲಂದ್ರ ಸೂಟಿ ಕೊಡಬಾರದೇನು?”

ನನಗೆ ತಲೆ ಕೆಟ್ಟಿತು. “ಮಣ್ಣಾಗ ಇಳಿದ ಮ್ಯಾಲ ಸೋಮವಾರನೂ ದುಡೀತಾವ. ಆವಾಗೇನ್ ಮಾಡ್ತಿ?”

“ಅದು ಅವುಗಳ ಖುಷಿ. ನಾ ಅಂತೂ ಹಚ್ಚಂಗಿಲ್ಲ.”

ಪಾಕೀಟು ದನದ ಕೊಟ್ಟಿಗೆಯ ನೆರಳಿಗೆ, ಎತ್ತುಗಳ ಪಕ್ಕಕ್ಕೆ ಹೋಯಿತು. ಕಾಕಾ ಅದರ ಮೇಲೆ ತಂಪು ಗೋಣಿ ಹೊದಿಸಿ, “ಸಪ್ಪಳ ಮಾಡಬ್ಯಾಡ, ಮಲಗಲಿ,” ಎಂದು ಪಿಸುಗುಟ್ಟಿದ.

ಇಷ್ಟೆಲ್ಲ ಜೀವಗಳಿಗೆ ಸೂಟಿ ಸಿಕ್ಕಮೇಲೆ ನನಗೇಕಿಲ್ಲ ಎಂದು ನಾನೂ ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿದೆ. ಕಾಕಾ ಕುಡಗೋಲು ತಂದು ಕೈಗೆ ಕೊಟ್ಟ.

“ಎತ್ತಿಗೆ ಮೇವು ಕೊಯ್ಕೊಂಡ್ ಬಾ.”

“ಇವತ್ತ ಸೋಮವಾರ ಅಲ್ಲೇನು?”

“ಸೂಟಿ ದುಡಿಯೋರಿಗೆ,” ಎಂದ ಕಾಕಾ.