ಗಿಟಾರಿನ ಬೆನ್ನು ಕೂಡಿಸಿದ ಆಚಾರರು

ಗುಂಡ್ಲುಪೇಟೆಯಲ್ಲಿ ನಮ್ಮ ಬೀದಿಯವರಿಗೆ ಬಾಗಿಲು, ಕಿಟಕಿ ಮಾಡಿಕೊಡುತ್ತಿದ್ದ ಆಚಾರರು ಏನು ಕೇಳಿದರೂ "ನಿಧಾನುಕ್ಕೆ ಆಯ್ತದೆ ಬುಡಿ" ಅನ್ನುತ್ತಿದ್ದರು. ತೀರಿಕೊಂಡ ನಮ್ಮಣ್ಣನ ಗಿಟಾರು ಚಾಮರಾಜನಗರದ ಬಸ್ಸಿನಲ್ಲಿ ಬಿದ್ದು ಬೆನ್ನು ಸೀಳಿದಾಗ ಅವರ ಹತ್ತಿರವೇ ಒಯ್ದೆ. ಸೀಳಿಗೆ ಅಂಟು ತುಂಬಿ, ಸೈಕಲ್ ಟ್ಯೂಬು ಬಿಗಿದು ಒಣಗಿಸಿದರು. ಮತ್ತೆ ಬಾಯಿಬಿಡದಂತೆ ಒಳಗಿನಿಂದ ಮರದ ಚೂರುಗಳನ್ನೂ ಅಂಟಿಸಬೇಕಿತ್ತು. ಅವರ ದಪ್ಪ ಕೈ ಗಿಟಾರಿನ ತೂತಿನೊಳಗೆ ಹೋಗಲಿಲ್ಲ. ಹೆಂಡತಿಯನ್ನು ಕರೆದರು. ಆಕೆ ಬಳೆ ತೆಗೆದಿಟ್ಟು ಕೈ ಇಳಿಸಿದರು.

"ಇನ್ನೊಸಿ ಈಕಡೆ. ಅಲ್ಲೇ ಅಮುಕು," ಎಂದು ಆಚಾರರು ಟಾರ್ಚು ಹಿಡಿದು ಹೇಳಿಕೊಟ್ಟರು.

ಮರುದಿನ ತಂತಿ ಕಟ್ಟಿ, ನುಡಿಸಲು ಬಾರದ ನಾನೇ ಮೀಟಿದೆ. ಅಣ್ಣ ಹೋದ ಮೇಲೆ ಆ ದನಿ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿತು. ಆಚಾರರು ಹೆಂಡತಿಯ ಕಡೆ ತಿರುಗಿ, "ಕಿವಿ ಇಟ್ಟು ಕೇಳಮ್ಮಿ, ಇದು ನಿನ್ ಕೆಲ್ಸ" ಅಂದರು.